ವಯಸ್ಸಾದ ಮೇಲೆ ಶುಗರ್ ಎಷ್ಟಿರಬೇಕು? ಪದೇ ಪದೇ ಕೇಳುವ ಪ್ರಶ್ನೆಗಳು

ಅರವತ್ತು ದಾಟಿದವರು, ಅವರನ್ನು ನೋಡಿಕೊಳ್ಳುವ ಮಕ್ಕಳು, ಸೊಸೆಯಂದಿರು ಮತ್ತೆ ಮತ್ತೆ ಕೇಳುವ ಪ್ರಶ್ನೆಗಳು ಇಲ್ಲಿವೆ. ಎಲ್ಲವೂ ಟೈಪ್ 2 ಮಧುಮೇಹಕ್ಕೆ, ಅಂದರೆ ನಾವು ದಿನಾ "ಶುಗರ್" ಅನ್ನುವ ಕಾಯಿಲೆಗೆ ಸಂಬಂಧಿಸಿದವು. ಶುಗರ್ ಏರಿದರೆ ಮನೆಯವರೆಲ್ಲ ಗಾಬರಿಯಾಗುತ್ತಾರೆ. ಇಳಿದರೆ ಎಷ್ಟೋ ಸಲ ಯಾರ ಗಮನಕ್ಕೂ ಬರುವುದಿಲ್ಲ. ವಯಸ್ಸಾದವರಿಗೆ ಈ ಇಳಿಯುವುದೇ ಬೇಗ ಅಪಾಯ ತರುತ್ತದೆ. ಹಾಗಾಗಿ ಅದರ ಬಗ್ಗೆ ಕೆಳಗೆ ಸ್ವಲ್ಪ ಜಾಸ್ತಿಯೇ ಬರೆದಿದ್ದೇನೆ. ಇದನ್ನು ಓದಿ ಮಾತ್ರೆ, ಇನ್ಸುಲಿನ್ ಪ್ರಮಾಣವನ್ನು ನೀವೇ ಬದಲಾಯಿಸಬೇಡಿ. ನಿಮ್ಮ ಡಾಕ್ಟರನ್ನು ಕೇಳಿ.

ಮೊದಲಿಗಿಂತ ಕಡಿಮೆ ತಿನ್ನುತ್ತೇನೆ, ಸಿಹಿಯನ್ನೂ ಬಿಟ್ಟಿದ್ದೇನೆ. ಆದರೂ ಶುಗರ್ ಯಾಕೆ ಏರುತ್ತಿದೆ?

ಊಟದಿಂದ ರಕ್ತಕ್ಕೆ ಬಂದ ಸಕ್ಕರೆಯ ದೊಡ್ಡ ಪಾಲು ಹೋಗಿ ಸೇರುವುದು ಸ್ನಾಯುಗಳಿಗೆ. ಸ್ನಾಯು ಅಂದರೆ ಸಕ್ಕರೆಯ ಕಣಜ ಇದ್ದ ಹಾಗೆ. ವಯಸ್ಸಾದಂತೆ ತೊಡೆ, ತೋಳು ಸೊರಗುತ್ತವೆ, ಕಣಜ ಚಿಕ್ಕದಾಗುತ್ತದೆ. ಹೊಟ್ಟೆಯ ಸುತ್ತ ಕೊಬ್ಬು ಸೇರಿದಂತೆ, ಸಕ್ಕರೆಯನ್ನು ಈ ಕಣಜಕ್ಕೆ ಸೇರಿಸುವ ಇನ್ಸುಲಿನ್ ಎಂಬ ಹಾರ್ಮೋನು ಮೊದಲಿನಷ್ಟು ಕೆಲಸಕ್ಕೆ ಬರುವುದಿಲ್ಲ. ಅದನ್ನು ತಯಾರಿಸುವ ಮೇದೋಜೀರಕ ಗ್ರಂಥಿಗೂ ಊಟವಾದ ಕೂಡಲೇ ಇನ್ಸುಲಿನ್ ಬಿಡುವ ಹಳೆಯ ಚುರುಕು ಇರುವುದಿಲ್ಲ.

ಹೀಗಾಗಿ ಹಿರಿಯರಲ್ಲಿ ಹೆಚ್ಚಾಗಿ ಮೊದಲು ಏರುವುದು ಊಟದ ನಂತರದ ಶುಗರ್. ಖಾಲಿ ಹೊಟ್ಟೆಯದು ನಿಧಾನವಾಗಿ ಏರುತ್ತದೆ. ಬರೀ ಫಾಸ್ಟಿಂಗ್ ಮಾಡಿಸಿ "ನನಗೇನೂ ಇಲ್ಲ" ಅಂದುಕೊಂಡರೆ ಕಾಯಿಲೆ ವರ್ಷಗಟ್ಟಲೆ ಕಣ್ಣು ತಪ್ಪಿಸಿಕೊಂಡು ಇರಬಹುದು.

ಔಷಧಿಗಳನ್ನೂ ಮರೆಯಬೇಡಿ. ಉಬ್ಬಸಕ್ಕೆ ಕೊಡುವ ಸ್ಟಿರಾಯ್ಡ್ ಮಾತ್ರೆ, ಮಂಡಿಗೆ ಹಾಕುವ ಸ್ಟಿರಾಯ್ಡ್ ಇಂಜೆಕ್ಷನ್ ಕೆಲವು ದಿನ ಶುಗರ್ ಏರಿಸುತ್ತವೆ.

ರಿಪೋರ್ಟಿನಲ್ಲಿರುವ ಅಂಕಿಗಳನ್ನು ಓದುವುದು ಹೇಗೆ?

ನಮ್ಮ ಲ್ಯಾಬುಗಳು ಒಂದು ಡೆಸಿಲೀಟರ್ ರಕ್ತದಲ್ಲಿ ಎಷ್ಟು ಮಿಲಿಗ್ರಾಂ ಗ್ಲೂಕೋಸ್ ಇದೆ ಎಂದು ಬರೆಯುತ್ತವೆ. ಕನಿಷ್ಠ 8 ಗಂಟೆ ಏನೂ ತಿನ್ನದೆ ಕೊಟ್ಟ ರಕ್ತದಲ್ಲಿ 100ಕ್ಕಿಂತ ಕಡಿಮೆ ಇದ್ದರೆ ಸರಿ. 100ರಿಂದ 125 ಇದ್ದರೆ ಬಾರ್ಡರ್. 126 ಅಥವಾ ಅದಕ್ಕಿಂತ ಜಾಸ್ತಿ ಇದ್ದರೆ ಮಧುಮೇಹ. ಲ್ಯಾಬಿನಲ್ಲೇ 75 ಗ್ರಾಂ ಗ್ಲೂಕೋಸ್ ಕುಡಿಸಿ ಎರಡು ಗಂಟೆ ಬಿಟ್ಟು ನೋಡಿದಾಗ 140ಕ್ಕಿಂತ ಕಡಿಮೆ ಇರಬೇಕು. 140ರಿಂದ 199 ಬಾರ್ಡರ್, 200ರಿಂದ ಮೇಲೆ ಮಧುಮೇಹ. ಯಾವ ತೊಂದರೆಯೂ ಇಲ್ಲದವರಿಗೆ ಒಂದೇ ಒಂದು ರಿಪೋರ್ಟ್ ನೋಡಿ ಹಣೆಪಟ್ಟಿ ಕಟ್ಟುವುದಿಲ್ಲ, ಇನ್ನೊಂದು ಪರೀಕ್ಷೆ ಮಾಡಿ ಖಚಿತ ಮಾಡಿಕೊಳ್ಳುತ್ತಾರೆ.

ಈಗಾಗಲೇ ಮಾತ್ರೆ ತಿನ್ನುತ್ತಿರುವವರು "ಊಟದ ನಂತರ" ಪರೀಕ್ಷೆಗೆ ಹೋಗುವಾಗ ಎರಡು ತಪ್ಪು ಮಾಡುತ್ತಾರೆ. ಅವತ್ತು ಎರಡೇ ಇಡ್ಲಿ ತಿಂದು ಹೋಗುವುದು ಒಂದು, ಮಾತ್ರೆ ಬಿಟ್ಟು ಹೋಗುವುದು ಇನ್ನೊಂದು. ದಿನಾ ತಿನ್ನುವುದನ್ನೇ ತಿನ್ನಿ, ಮಾತ್ರೆಯನ್ನೂ ತೆಗೆದುಕೊಳ್ಳಿ. ಮೊದಲ ತುತ್ತು ಬಾಯಿಗಿಟ್ಟ ಹೊತ್ತಿನಿಂದ ಎರಡು ಗಂಟೆ ಲೆಕ್ಕ ಹಾಕಿ. ಆಗ ಬಂದ ಅಂಕಿ ಡಾಕ್ಟರಿಗೆ ಉಪಯೋಗಕ್ಕೆ ಬರುತ್ತದೆ.

ಎಚ್‌ಬಿಎ1ಸಿ ಅಂದರೆ ಏನು? ಅದನ್ನು ಪೂರ್ತಿ ನಂಬಬಹುದಾ?

ಕೆಂಪು ರಕ್ತಕಣಗಳು ಸುಮಾರು 120 ದಿನ ಬದುಕುತ್ತವೆ. ಅಷ್ಟು ದಿನವೂ ರಕ್ತದಲ್ಲಿರುವ ಸಕ್ಕರೆ ಅವಕ್ಕೆ ಸ್ವಲ್ಪ ಸ್ವಲ್ಪವೇ ಅಂಟಿಕೊಳ್ಳುತ್ತದೆ. ಅದನ್ನು ಅಳೆದರೆ ಹಿಂದಿನ ಎರಡು ಮೂರು ತಿಂಗಳ ಸರಾಸರಿ ಗೊತ್ತಾಗುತ್ತದೆ. ಇದನ್ನು ಶೇಕಡಾದಲ್ಲಿ ಬರೆಯುತ್ತಾರೆ. 5.7ಕ್ಕಿಂತ ಕಡಿಮೆ ಇದ್ದರೆ ಸರಿ, 5.7ರಿಂದ 6.4 ಬಾರ್ಡರ್, 6.5ರಿಂದ ಮೇಲೆ ಮಧುಮೇಹ.

ಹಿರಿಯರಲ್ಲಿ ಇದನ್ನು ಸ್ವಲ್ಪ ಎಚ್ಚರದಿಂದ ಓದಬೇಕು. ಕಬ್ಬಿಣಾಂಶ ಕಡಿಮೆಯಾಗಿ ರಕ್ತಹೀನತೆ ಇದ್ದರೆ ಅಂಕಿ ಇರುವುದಕ್ಕಿಂತ ಜಾಸ್ತಿ ಕಾಣಬಹುದು. ಇತ್ತೀಚೆಗೆ ರಕ್ತಸ್ರಾವವಾಗಿದ್ದರೆ, ರಕ್ತ ಹಾಕಿಸಿಕೊಂಡಿದ್ದರೆ ಅಥವಾ ಕಿಡ್ನಿ ತೊಂದರೆ ಜಾಸ್ತಿಯಾಗಿದ್ದರೆ ಕಡಿಮೆ ಕಾಣಬಹುದು. ಇನ್ನೊಂದು ವಿಷಯ, ಇದು ಬರೀ ಸರಾಸರಿ. ಮಧ್ಯಾಹ್ನ 280, ನಸುಕಿನಲ್ಲಿ 55 ಆಗುವವರಿಗೂ ಕೊನೆಗೆ "7" ಅಂತ ಚೆಂದದ ಅಂಕಿಯೇ ಬರಬಹುದು.

70 ದಾಟಿದವರಿಗೆ ಶುಗರ್ ಎಷ್ಟಿದ್ದರೆ ಒಳ್ಳೆಯದು? ಪಕ್ಕದ ಮನೆಯವರದ್ದು 6.2 ಇದೆಯಂತೆ.

ಪಕ್ಕದ ಮನೆಯವರ ಅಂಕಿ ಅವರದ್ದು. ನಿಮ್ಮ ಗುರಿಯನ್ನು ನಿಮ್ಮ ಆರೋಗ್ಯ ನೋಡಿ ಹಾಕಬೇಕು.

ಅಮೆರಿಕನ್ ಡಯಾಬಿಟಿಸ್ ಅಸೋಸಿಯೇಷನ್ ಹಿರಿಯರಿಗೆ ಹೇಳುವುದು ಹೀಗಿದೆ. ಓಡಾಡಿಕೊಂಡು, ಬುದ್ಧಿ ಚುರುಕಾಗಿ, ಬೇರೆ ದೊಡ್ಡ ಕಾಯಿಲೆ ಇಲ್ಲದೆ ಇರುವವರಿಗೆ ಎಚ್‌ಬಿಎ1ಸಿ 7ರಿಂದ 7.5ರ ಒಳಗಿದ್ದರೆ ಸಾಕು, ಫಾಸ್ಟಿಂಗ್ 80ರಿಂದ 130. ಹೃದಯ, ಕಿಡ್ನಿ, ಕೀಲುನೋವು ಅಂತ ಮೂರ್ನಾಲ್ಕು ಕಾಯಿಲೆ ಇರುವವರಿಗೆ, ಮರೆವು ಶುರುವಾದವರಿಗೆ 8ರ ಒಳಗೆ, ಫಾಸ್ಟಿಂಗ್ 90ರಿಂದ 150. ಹಾಸಿಗೆ ಹಿಡಿದವರು ಅಥವಾ ಮರೆವು ತುಂಬಾ ಜಾಸ್ತಿಯಾದವರಾದರೆ ಎಚ್‌ಬಿಎ1ಸಿ ಹಿಂದೆ ಬೀಳುವುದೇ ಬೇಡ. ಶುಗರ್ ತೀರಾ ಇಳಿಯದ ಹಾಗೆ, ತೀರಾ ಏರಿ ಸುಸ್ತು, ಬಾಯಾರಿಕೆ ಆಗದ ಹಾಗೆ ನೋಡಿಕೊಂಡರೆ ಸಾಕು.

ಬಿಗಿಯಾಗಿ ಇಟ್ಟುಕೊಳ್ಳುವುದರ ಲಾಭ ಕಣ್ಣಿಗೆ, ಕಿಡ್ನಿಗೆ ಸಿಗುವುದು ಹಲವು ವರ್ಷಗಳ ನಂತರ. ಅತಿಯಾಗಿ ಇಳಿಸಿದ್ದರ ನಷ್ಟ ಇವತ್ತೇ ಆಗಬಹುದು: ಬಚ್ಚಲಲ್ಲಿ ತಲೆ ಸುತ್ತಿ ಬೀಳುವುದು, ಸೊಂಟದ ಮೂಳೆ ಮುರಿಯುವುದು. 82 ವರ್ಷದ ಅಜ್ಜಿಗೆ ಮೂರು ಮಾತ್ರೆ ಕೊಟ್ಟು 6ಕ್ಕೆ ಇಳಿಸಿ ಮನೆಯವರು ಖುಷಿಪಡುವುದನ್ನು ನೋಡಿದರೆ ನನಗೆ ಭಯವಾಗುತ್ತದೆ. ಅಂಥ ರಿಪೋರ್ಟ್ ಬಂದಾಗ "ಮಾತ್ರೆ ಕಡಿಮೆ ಮಾಡಬಹುದಾ ಡಾಕ್ಟ್ರೇ?" ಎಂದು ಕೇಳುವುದು ಮನೆಯವರ ಕೆಲಸ.

ಶುಗರ್ ಲೋ ಆಗಿದೆ ಅಂತ ಗೊತ್ತಾಗುವುದು ಹೇಗೆ?

70ಕ್ಕಿಂತ ಕೆಳಗೆ ಹೋದರೆ ಲೋ. 54ಕ್ಕಿಂತ ಕೆಳಗೆ ಹೋದರೆ ಗಂಭೀರ. ಪ್ರಾಯದವರಿಗಾದರೆ ಮೈ ಬೆವರುತ್ತದೆ, ಕೈ ನಡುಗುತ್ತದೆ, ಎದೆ ಡವಗುಟ್ಟುತ್ತದೆ, ಹಸಿವಾಗುತ್ತದೆ. ಹಿರಿಯರಲ್ಲಿ ಈ ಸೂಚನೆಗಳು ಮಂಕಾಗಿರುತ್ತವೆ. ಬಿಪಿಗೆ, ಹೃದಯಕ್ಕೆ ಕೊಡುವ ಮೆಟೊಪ್ರೊಲಾಲ್, ಅಟೆನೊಲಾಲ್‌ನಂಥ ಮಾತ್ರೆಗಳು ನಡುಕ, ಎದೆಬಡಿತವನ್ನು ಇನ್ನಷ್ಟು ಮುಚ್ಚಿಡುತ್ತವೆ. ಬೆವರು ಮಾತ್ರ ಬರುತ್ತದೆ.

ನಮ್ಮ ದೊಡ್ಡಮ್ಮನಿಗೆ ಹೀಗೇ ಆಯಿತು. ಹಬ್ಬದ ದಿನ ಬೆಳಿಗ್ಗೆ ಮಾತ್ರೆ ನುಂಗಿದ್ದರು, ಪೂಜೆ ಮುಗಿಯುವ ತನಕ ಏನೂ ತಿನ್ನಲಿಲ್ಲ. ಪೂಜೆ ಹನ್ನೊಂದು ದಾಟಿತು. ಹೂ ಕಟ್ಟುತ್ತಾ ಕೂತವರು ಒಂದೇ ಗಂಟನ್ನು ಮತ್ತೆ ಮತ್ತೆ ಹಾಕಿ ಬಿಚ್ಚುತ್ತಿದ್ದರು. ಕರೆದರೆ ಸಿಟ್ಟಿನಿಂದ ಏನೋ ಅಂದರು, ಮಾತು ತೊದಲುತ್ತಿತ್ತು. "ವಯಸ್ಸಾಯ್ತು, ಆಯಾಸ" ಅಂತ ಎಲ್ಲರೂ ಸುಮ್ಮನಿದ್ದರು. ಸೊಸೆ ಕತ್ತಿನ ಹಿಂದೆ ಕೈಯಿಟ್ಟು ನೋಡಿದರೆ ರವಿಕೆ ಒದ್ದೆ, ಮೈ ತಣ್ಣಗೆ. ಗ್ಲೂಕೋಮೀಟರ್‌ನಲ್ಲಿ 48 ಬಂತು. ಗ್ಲೂಕೋಸ್ ನೀರು ಕುಡಿಸಿದ ಸ್ವಲ್ಪ ಹೊತ್ತಿಗೆ ಸರಿಯಾಗಿ ಮಾತಾಡಿದರು.

ಶುಗರ್ ಮಾತ್ರೆ ಅಥವಾ ಇನ್ಸುಲಿನ್ ತೆಗೆದುಕೊಳ್ಳುವ ಹಿರಿಯರು ಇದ್ದಕ್ಕಿದ್ದಂತೆ ಗೊಂದಲಕ್ಕೆ ಬಿದ್ದರೆ, ತೊದಲಿದರೆ, ಸುಮ್ಮಸುಮ್ಮನೆ ಸಿಟ್ಟಾದರೆ, ತೂಕಡಿಸಿದರೆ, ಜೋಲಿ ಹೊಡೆದರೆ ಮೊದಲು ಶುಗರ್ ನೋಡಿ. ಪಾರ್ಶ್ವವಾಯುವೂ ಹೀಗೆಯೇ ಕಾಣಬಹುದು. ಶುಗರ್ ಸರಿಯಿದ್ದೂ ತೊದಲುತ್ತಿದ್ದರೆ, ಬಾಯಿ ಒಂದು ಕಡೆಗೆ ವಾಲಿದ್ದರೆ ಒಂದು ನಿಮಿಷವನ್ನೂ ಕಳೆಯದೆ ಆಸ್ಪತ್ರೆಗೆ ಹೊರಡಿ. ರಾತ್ರಿ ಕೆಟ್ಟ ಕನಸು, ಬೆಳಿಗ್ಗೆ ತಲೆನೋವು, ಒದ್ದೆಯಾದ ದಿಂಬು ರಾತ್ರಿ ಲೋ ಆಗಿದ್ದರ ಗುರುತಾಗಿರಬಹುದು.

ಲೋ ಆದಾಗ ತಕ್ಷಣ ಏನು ಕೊಡಬೇಕು?

ಎಚ್ಚರ ಇದ್ದು ನುಂಗಲು ಆಗುತ್ತಿದ್ದರೆ ಮೂರು ಚಮಚ ಗ್ಲೂಕೋಸ್ ಪುಡಿ ಅಥವಾ ಸಕ್ಕರೆಯನ್ನು ನೀರಿನಲ್ಲಿ ಕಲಸಿ ಕುಡಿಸಿ. 15 ನಿಮಿಷ ಬಿಟ್ಟು ಮತ್ತೆ ಶುಗರ್ ನೋಡಿ. ಇನ್ನೂ 70ಕ್ಕಿಂತ ಕಡಿಮೆ ಇದ್ದರೆ ಇನ್ನೊಮ್ಮೆ ಅಷ್ಟೇ ಕೊಡಿ. ಸರಿಯಾದ ಮೇಲೆ ಇಡ್ಲಿ, ಅನ್ನ, ಬಿಸ್ಕತ್ತು ಹೀಗೆ ಏನಾದರೂ ತಿನ್ನಿಸಿ. ಮೈಸೂರು ಪಾಕು, ಚಾಕೊಲೇಟ್ ಬೇಡ. ಅವುಗಳಲ್ಲಿರುವ ಕೊಬ್ಬಿನಿಂದ ಸಕ್ಕರೆ ರಕ್ತಕ್ಕೆ ಸೇರುವುದು ತಡವಾಗುತ್ತದೆ.

ಮಾತ್ರೆಯ ಪಟ್ಟಿಯಲ್ಲಿ ವೋಗ್ಲಿಬೋಸ್ ಅಥವಾ ಅಕಾರ್ಬೋಸ್ ಇದೆಯಾ ನೋಡಿ. ಇವು ಅಡುಗೆಮನೆಯ ಸಕ್ಕರೆ ಕರುಳಿನಲ್ಲಿ ಒಡೆಯುವುದನ್ನು ತಡೆಯುತ್ತವೆ. ಹಾಗಾಗಿ ಲೋ ಆದಾಗ ಸಕ್ಕರೆ ನೀರು ಬೇಗ ಕೆಲಸ ಮಾಡುವುದಿಲ್ಲ. ಗ್ಲೂಕೋಸ್ ಪುಡಿಯೇ ಬೇಕು. ನಮ್ಮಲ್ಲಿ ಮೂರು ಔಷಧಿ ಸೇರಿಸಿದ ಮಾತ್ರೆಗಳಲ್ಲಿ ವೋಗ್ಲಿಬೋಸ್ ಇರುವುದು ಮಾಮೂಲು. ಒಂದು ಡಬ್ಬಿ ಗ್ಲೂಕೋಸ್ ಪುಡಿ ಮನೆಯಲ್ಲಿರಲಿ, ಒಂದು ಸಣ್ಣ ಪೊಟ್ಟಣ ಅವರ ಕೈಚೀಲದಲ್ಲಿರಲಿ.

ಎಚ್ಚರ ತಪ್ಪಿದ್ದರೆ ಬಾಯಿಗೆ ಏನನ್ನೂ ಹಾಕಬೇಡಿ, ಉಸಿರುಗಟ್ಟುತ್ತದೆ. ಮಗ್ಗುಲಾಗಿ ಮಲಗಿಸಿ 108ಕ್ಕೆ ಫೋನ್ ಮಾಡಿ.

ಯಾವ ಮಾತ್ರೆಗಳಿಂದ ಲೋ ಆಗುತ್ತದೆ?

ಇನ್ಸುಲಿನ್‌ನಿಂದ ಆಗುತ್ತದೆ. ಮಾತ್ರೆಗಳಲ್ಲಿ ಗ್ಲಿಬೆನ್‌ಕ್ಲಮೈಡ್, ಗ್ಲಿಮೆಪಿರೈಡ್, ಗ್ಲಿಪಿಜೈಡ್, ಗ್ಲಿಕ್ಲಜೈಡ್ ಎಂಬ ಗುಂಪಿನಿಂದ ಆಗುತ್ತದೆ. ಇವುಗಳಲ್ಲಿ ಗ್ಲಿಬೆನ್‌ಕ್ಲಮೈಡ್ ಮೈಯಲ್ಲಿ ತುಂಬಾ ಹೊತ್ತು ಉಳಿಯುವುದರಿಂದ ಹಿರಿಯರಿಗೆ ಬೇಡ ಎಂದೇ ತಜ್ಞರು ಹೇಳುತ್ತಾರೆ. ಅಗ್ಗದ ಹಳೆಯ ಮಾತ್ರೆಯಾದ್ದರಿಂದ ವರ್ಷಗಳಿಂದ ಅದನ್ನೇ ತಿನ್ನುತ್ತಿರುವವರಿದ್ದಾರೆ. ಮಾತ್ರೆಯ ಸ್ಟ್ರಿಪ್ಪಿನ ಹಿಂದೆ ಬರೆದಿರುವ ಹೆಸರನ್ನು ಓದಿ ನೋಡಿ, ಅದೇ ಇದ್ದರೆ ಡಾಕ್ಟರನ್ನು ಕೇಳಿ. ಈ ಗುಂಪಿನ ಮಾತ್ರೆ ನುಂಗಿ ತೀರಾ ಲೋ ಆದರೆ, ಸಕ್ಕರೆ ಕೊಟ್ಟು ಸರಿಯಾದ ಮೇಲೂ ಕೆಲವು ಗಂಟೆ ಬಿಟ್ಟು ಮತ್ತೆ ಇಳಿಯಬಹುದು. ಆಸ್ಪತ್ರೆಗೆ ತೋರಿಸಲೇಬೇಕು.

ಮೆಟ್‌ಫಾರ್ಮಿನ್, ಸಿಟಾಗ್ಲಿಪ್ಟಿನ್, ವಿಲ್ಡಾಗ್ಲಿಪ್ಟಿನ್ ಒಂಟಿಯಾಗಿ ಕೊಟ್ಟಾಗ ಲೋ ಆಗುವುದು ಅಪರೂಪ. ಮೆಟ್‌ಫಾರ್ಮಿನ್ ಹಲವು ವರ್ಷ ತಿಂದವರಿಗೆ ವಿಟಮಿನ್ ಬಿ12 ಕಡಿಮೆಯಾಗಿ ಕಾಲು ಜೋಮು ಹಿಡಿಯಬಹುದು, ಒಮ್ಮೆ ಪರೀಕ್ಷಿಸಿ. ಕಿಡ್ನಿ ತೀರಾ ಸೋತಿದ್ದರೆ ಮೆಟ್‌ಫಾರ್ಮಿನ್ ನಿಲ್ಲಿಸುತ್ತಾರೆ.

ಐವತ್ತನೇ ವಯಸ್ಸಿನಲ್ಲಿ ಸರಿಹೋದ ಪ್ರಮಾಣ ಎಪ್ಪತ್ತೈದಕ್ಕೆ ಜಾಸ್ತಿಯಾಗಬಹುದು. ಕಿಡ್ನಿ ನಿಧಾನವಾಗಿರುತ್ತದೆ, ಔಷಧಿ ಮೈಯಲ್ಲೇ ಉಳಿಯುತ್ತದೆ. ಊಟ ಕಡಿಮೆಯಾಗಿರುತ್ತದೆ, ತೂಕ ಇಳಿದಿರುತ್ತದೆ. ಹಳೇ ಚೀಟಿ ಹಿಡಿದು ಮೆಡಿಕಲ್ ಶಾಪಿನಲ್ಲಿ ಅದೇ ಮಾತ್ರೆಯನ್ನು ವರ್ಷಗಟ್ಟಲೆ ತರುವುದನ್ನು ದಯವಿಟ್ಟು ನಿಲ್ಲಿಸಿ.

ರಾತ್ರಿ ಒಂದೇ ಚಪಾತಿ ತಿಂದರೂ ಬೆಳಿಗ್ಗೆ ಫಾಸ್ಟಿಂಗ್ 160 ಬರುತ್ತದೆ. ಯಾಕೆ?

ನಸುಕಿನಲ್ಲಿ ಮೈ ಏಳಲು ತಯಾರಾಗುವಾಗ ಕೆಲವು ಹಾರ್ಮೋನುಗಳು ಹೆಚ್ಚಾಗುತ್ತವೆ. ಅವು ಹೇಳಿದಂತೆ ಪಿತ್ತಜನಕಾಂಗ ತನ್ನಲ್ಲಿ ಕೂಡಿಟ್ಟ ಸಕ್ಕರೆಯನ್ನು ರಕ್ತಕ್ಕೆ ಬಿಡುತ್ತದೆ. ಇನ್ಸುಲಿನ್ ಸಾಲದವರಿಗೆ ಅದು ಏರಿಯೇ ನಿಲ್ಲುತ್ತದೆ. ರಾತ್ರಿ ಊಟವನ್ನು ಇನ್ನೂ ಕಡಿಮೆ ಮಾಡುವುದರಿಂದ ಇದು ಸರಿಹೋಗುವುದಿಲ್ಲ. ರಾತ್ರಿ ಮಾತ್ರೆ, ಇನ್ಸುಲಿನ್ ಇರುವವರು ಊಟ ಕಡಿಮೆ ಮಾಡಿದರೆ ಮಧ್ಯರಾತ್ರಿ ಲೋ ಆಗಬಹುದು. ಎರಡು ಮೂರು ದಿನ ಮಲಗುವಾಗ, ನಸುಕಿನ ಮೂರು ಗಂಟೆಗೆ, ಎದ್ದ ಕೂಡಲೇ ಶುಗರ್ ನೋಡಿ ಬರೆದುಕೊಂಡು ಹೋಗಿ ತೋರಿಸಿ.

ಮನೆಯ ಗ್ಲೂಕೋಮೀಟರ್ ಒಂದು ಹೇಳುತ್ತದೆ, ಲ್ಯಾಬ್ ಇನ್ನೊಂದು. ಯಾವುದು ಸರಿ?

ಮನೆಯ ಮೀಟರಿಗೆ 15 ಶೇಕಡಾದಷ್ಟು ಹೆಚ್ಚುಕಡಿಮೆ ಇರಲು ಅವಕಾಶವಿದೆ. ಲ್ಯಾಬಿನಲ್ಲಿ 200 ಇದ್ದಾಗ ಮನೆಯಲ್ಲಿ 175 ಬಂದರೆ ಮೀಟರ್ ಕೆಟ್ಟಿದೆ ಅಂತಲ್ಲ. ಕಾಯಿಲೆ ಇದೆಯಾ ಇಲ್ಲವಾ ಅನ್ನುವುದನ್ನು ಲ್ಯಾಬಿನಲ್ಲೇ ನೋಡಬೇಕು. ದಿನನಿತ್ಯದ ಏರಿಳಿತ ನೋಡಲು ಮೀಟರ್ ಸಾಕು.

ಕೈಯನ್ನು ಸೋಪು ಹಾಕಿ ತೊಳೆದು ಚೆನ್ನಾಗಿ ಒರೆಸಿಕೊಳ್ಳಿ. ಮಾವಿನ ಹಣ್ಣು ಬಿಡಿಸಿದ ಬೆರಳಿನಲ್ಲೇ ಚುಚ್ಚಿದರೆ ಅಂಕಿ ಸುಮ್ನೆ ಏರಿಬಿಡುತ್ತದೆ. ಬೆರಳ ತುದಿಯ ನಡುಭಾಗಕ್ಕೆ ಚುಚ್ಚಬೇಡಿ, ಪಕ್ಕಕ್ಕೆ ಚುಚ್ಚಿ, ನೋವು ಕಡಿಮೆ. ಕರಾವಳಿ, ಮಲೆನಾಡಿನ ಮಳೆಗಾಲದಲ್ಲಿ ಸ್ಟ್ರಿಪ್‌ಗಳು ತೇವಕ್ಕೆ ಬೇಗ ಹಾಳಾಗುತ್ತವೆ. ಒಂದನ್ನು ತೆಗೆದ ಕೂಡಲೇ ಡಬ್ಬಿಯ ಮುಚ್ಚಳ ಬಿಗಿಯಾಗಿ ಹಾಕಿ.

ಅನ್ನ ಬಿಟ್ಟು ರಾಗಿ ಮುದ್ದೆ ತಿಂದರೆ ಶುಗರ್ ಬರುವುದಿಲ್ಲ ಅನ್ನುತ್ತಾರಲ್ಲ?

ರಾಗಿ ಒಳ್ಳೆಯದು. ನಾರು ಜಾಸ್ತಿ, ಸುಣ್ಣದಂಶ ಬೇಕಾದಷ್ಟಿದೆ, ವಯಸ್ಸಾದವರ ಮೂಳೆಗೆ ಬೇಕು. ಆದರೆ ರಾಗಿಯಲ್ಲೂ ಮುಕ್ಕಾಲು ಪಾಲಿನ ಹತ್ತಿರ ಹಿಟ್ಟಿನ ಅಂಶವೇ. ಎರಡು ದಪ್ಪ ಮುದ್ದೆ ಉಂಡು ಮೇಲೆ ಅನ್ನ ಸಾರು ಉಂಡರೆ ಶುಗರ್ ಏರದೆ ಇರುವುದಿಲ್ಲ. ಹೊಲದಲ್ಲಿ ದಿನವಿಡೀ ದುಡಿಯುತ್ತಿದ್ದಾಗ ಅದು ಕರಗುತ್ತಿತ್ತು, ಈಗ ಜಗುಲಿಯಲ್ಲಿ ಕೂತಿರುವಾಗ ಕರಗುವುದಿಲ್ಲ. ನುಣ್ಣಗೆ ಬೀಸಿದ ರಾಗಿಯ ಗಂಜಿ, ಬೆಲ್ಲ ಹಾಕಿದ ರಾಗಿ ಮಾಲ್ಟ್ ಮುದ್ದೆಗಿಂತಲೂ ಬೇಗ ಏರಿಸುತ್ತವೆ.

ಊಟದ ತಟ್ಟೆಯನ್ನು ಹೀಗೆ ಬದಲಿಸಿ ನೋಡಿ. ಒಂದು ಸಣ್ಣ ಮುದ್ದೆ ಅಥವಾ ಒಂದು ಬಟ್ಟಲು ಅನ್ನ, ಎರಡರಲ್ಲಿ ಒಂದು ಮಾತ್ರ. ಜೊತೆಗೆ ಗಟ್ಟಿ ಬೇಳೆಯ ಹುಳಿ ಅಥವಾ ಮೊಳಕೆ ಹುರುಳಿ ಸಾರು, ಬಸಳೆಯೋ ಹುರುಳಿಕಾಯಿಯೋ ಏನಾದರೂ ಒಂದು ಪಲ್ಯ ಧಾರಾಳವಾಗಿ, ಕೋಸಂಬರಿ, ಮಜ್ಜಿಗೆ. ಮಾಂಸ ತಿನ್ನುವವರಿಗೆ ಮೀನು, ಮೊಟ್ಟೆ ಒಳ್ಳೆಯದು. ಕೋಸಂಬರಿ, ಪಲ್ಯ ಮೊದಲು ತಿಂದು ಅನ್ನ ಆಮೇಲೆ ಉಂಡರೆ ಶುಗರ್ ಅಷ್ಟು ಬೇಗ ಏರುವುದಿಲ್ಲ. ಊಟವಾದ ಮೇಲೆ ಹತ್ತು ಹದಿನೈದು ನಿಮಿಷ ಅಂಗಳದಲ್ಲೇ ಓಡಾಡಿ.

ಶುಗರ್ ಅಂತ ಹೆದರಿ ಎರಡು ತುತ್ತಿಗೆ ಏಳುವ ಹಿರಿಯರೂ ಇದ್ದಾರೆ. ಇದು ಬೇಡವೇ ಬೇಡ. ಬೇಳೆ, ಮೊಸರು, ಮೊಟ್ಟೆ ಸಾಲದೆ ಸ್ನಾಯು ಇನ್ನಷ್ಟು ಸೊರಗುತ್ತದೆ. ಕುರ್ಚಿಯಿಂದ ಕೈ ಊರದೆ ಹತ್ತು ಸಲ ಎದ್ದು ಕೂರುವುದು ತೊಡೆಗೆ ಒಳ್ಳೆಯ ವ್ಯಾಯಾಮ. ತೋಲ ತಪ್ಪುವವರು ಗೋಡೆಯ ಪಕ್ಕದಲ್ಲಿ ಮಾಡಿ.

ಸಕ್ಕರೆ ಬದಲು ಬೆಲ್ಲ, ಜೇನುತುಪ್ಪ ಹಾಕಿಕೊಳ್ಳಬಹುದಾ?

ಇಲ್ಲ. ಬೆಲ್ಲ, ಜೇನುತುಪ್ಪದಲ್ಲಿ ಇರುವುದೂ ಬಹುಪಾಲು ಸಕ್ಕರೆಯೇ. ಬಿಳಿಯೋ ಕಂದೋ, ರಕ್ತಕ್ಕೆ ಬಣ್ಣದ ವ್ಯತ್ಯಾಸ ಗೊತ್ತಾಗುವುದಿಲ್ಲ.

ಹಣ್ಣು ಪೂರ್ತಿ ಬಿಡಬೇಕಾ?

ಬಿಡಬೇಡಿ. ಪೇರಲೆ, ಕಿತ್ತಳೆ, ಪಪಾಯ, ನೇರಳೆ ಒಂದು ಸಲಕ್ಕೆ ಒಂದು ಹಿಡಿಯಷ್ಟು ತಿನ್ನಬಹುದು. ಸಣ್ಣ ಏಲಕ್ಕಿ ಬಾಳೆ ಒಂದು ಸಾಕು. ಮಾವು, ಹಲಸಿನ ಕಾಲದಲ್ಲಿ ಎರಡು ಹೋಳು, ಎರಡು ತೊಳೆ, ಅದೂ ಊಟದ ಮೇಲೆ ಬೇಡ, ಸಂಜೆ ಬೇರೆಯಾಗಿ. ಜ್ಯೂಸ್ ಮಾತ್ರ ಬೇಡ.

ಮೆಂತ್ಯ, ಹಾಗಲಕಾಯಿ, ಮಧುನಾಶಿನಿ, ಇನ್ಸುಲಿನ್ ಗಿಡದ ಎಲೆಯಿಂದ ಗುಣವಾಗುತ್ತದಾ?

ಹಾಗಲಕಾಯಿ ಪಲ್ಯ, ನೆನೆಸಿದ ಮೆಂತ್ಯ ತಿನ್ನಿ, ತರಕಾರಿಯಾಗಿ, ನಾರಾಗಿ ಅವು ಒಳ್ಳೆಯವು. ಮೆಂತ್ಯ ಸ್ವಲ್ಪ ಮಟ್ಟಿಗೆ ಶುಗರ್ ಇಳಿಸುವುದೂ ಉಂಟು. ಮಾತ್ರೆಯ ಜಾಗದಲ್ಲಿ ನಿಲ್ಲುವಷ್ಟು ಶಕ್ತಿ ಇವುಗಳಲ್ಲಿ ಯಾವುದಕ್ಕೂ ಇಲ್ಲ. ಮಾತ್ರೆಯ ಜೊತೆ ದಿನಾ ಕಷಾಯ ಕುಡಿಯುತ್ತಿದ್ದರೆ ಡಾಕ್ಟರಿಗೆ ಹೇಳಿ, ಎರಡೂ ಸೇರಿ ಲೋ ಆಗಬಹುದು.

ನನಗೆ ಹೆಚ್ಚು ಭಯ ಇರುವುದು ಹೆಸರಿಲ್ಲದ ಪುಡಿಗಳ ಬಗ್ಗೆ. "ಒಂದೇ ವಾರದಲ್ಲಿ ಇಳಿಯಿತು" ಅನ್ನುವ ಇಂಥ ಕೆಲವು ಪುಡಿಗಳಲ್ಲಿ ಗ್ಲಿಬೆನ್‌ಕ್ಲಮೈಡ್‌ನಂಥ ಮಾತ್ರೆಯನ್ನೇ ಅರೆದು ಬೆರೆಸಿದ್ದು ಪತ್ತೆಯಾಗಿದೆ. ಎಷ್ಟು ಬೆರೆಸಿದ್ದಾರೆ ಎಂದು ತಿನ್ನುವವರಿಗೆ ಗೊತ್ತಿರುವುದಿಲ್ಲ.

ಏಕಾದಶಿ, ಸೋಮವಾರದ ಉಪವಾಸ, ರಂಜಾನ್ ರೋಜಾ ಮಾಡಬಹುದಾ?

ಮೆಟ್‌ಫಾರ್ಮಿನ್ ಒಂದರಲ್ಲೇ ಶುಗರ್ ಹತೋಟಿಯಲ್ಲಿರುವವರು ಡಾಕ್ಟರನ್ನು ಕೇಳಿ ಮಾಡಬಹುದು. ಇನ್ಸುಲಿನ್ ಅಥವಾ ಗ್ಲಿಮೆಪಿರೈಡ್ ಗುಂಪಿನ ಮಾತ್ರೆ ತೆಗೆದುಕೊಳ್ಳುವವರು, ಕಿಡ್ನಿ ತೊಂದರೆ ಇರುವವರು, ಹಿಂದೆ ಲೋ ಆಗಿದ್ದವರು ಮಾಡದಿರುವುದೇ ಕ್ಷೇಮ. ಮಾಡಲೇಬೇಕು ಅನ್ನುವವರು ವಾರ ಮೊದಲೇ ಹೋಗಿ ಅವತ್ತಿನ ಔಷಧಿ ಎಷ್ಟು ಎಂದು ಬರೆಸಿಕೊಳ್ಳಿ. ನಡುವೆ ಶುಗರ್ 70ಕ್ಕಿಂತ ಕೆಳಗಿಳಿದರೆ ಅಥವಾ 300 ದಾಟಿದರೆ ಉಪವಾಸ ಮುರಿಯಿರಿ. ಕಾಯಿಲೆಯವರಿಗೆ ಎಲ್ಲ ಧರ್ಮದಲ್ಲೂ ವಿನಾಯಿತಿ ಇದೆ.

ಜ್ವರ, ವಾಂತಿ, ಭೇದಿ ಆದಾಗ ಮಾತ್ರೆ ನಿಲ್ಲಿಸಬೇಕಾ?

ಸೋಂಕು ಬಂದಾಗ ಊಟ ಸೇರದಿದ್ದರೂ ಶುಗರ್ ಏರಬಹುದು. ಇನ್ಸುಲಿನ್ ಅನ್ನು ನೀವಾಗಿ ಪೂರ್ತಿ ನಿಲ್ಲಿಸಬೇಡಿ. ವಾಂತಿ ಭೇದಿ ಜಾಸ್ತಿ ಇದ್ದಾಗ ಮೆಟ್‌ಫಾರ್ಮಿನ್, ಡಾಪಾಗ್ಲಿಫ್ಲೋಜಿನ್, ಎಂಪಾಗ್ಲಿಫ್ಲೋಜಿನ್ ಮಾತ್ರೆಗಳನ್ನು ತಾತ್ಕಾಲಿಕವಾಗಿ ನಿಲ್ಲಿಸುವುದುಂಟು, ಅವತ್ತೇ ಫೋನ್ ಮಾಡಿ ಕೇಳಿ. ನೀರು, ಗಂಜಿ, ಮಜ್ಜಿಗೆ ಸ್ವಲ್ಪ ಸ್ವಲ್ಪವೇ ಕುಡಿಸುತ್ತಿರಿ. ಹಿರಿಯರಿಗೆ ಬಾಯಾರಿಕೆ ಸರಿಯಾಗಿ ಗೊತ್ತಾಗುವುದಿಲ್ಲ. ಒಣಗಿದ ನಾಲಿಗೆ, ಪದೇ ಪದೇ ಮೂತ್ರ, ಮಂಪರು, ಮೀಟರಿನಲ್ಲಿ ಅಂಕಿಯ ಬದಲು "ಹೈ" ಎಂಬ ಅಕ್ಷರ, ಇಷ್ಟಾದರೆ ಬೆಳಗಾಗಲಿ ಎಂದು ಕಾಯಬೇಡಿ. ಶುಗರ್ 600 ದಾಟಿ ಮೈಯ ನೀರೆಲ್ಲ ಬತ್ತುವ ಈ ಸ್ಥಿತಿ ಪ್ರಾಣಕ್ಕೆ ಅಪಾಯ.

ಇನ್ಸುಲಿನ್ ಶುರು ಮಾಡಿದರೆ ಮುಗಿಯಿತು, ಕೊನೆಯ ಹಂತ ಅನ್ನುತ್ತಾರೆ. ನಿಜವಾ?

ಖಂಡಿತ ಅಲ್ಲ. ಆಪರೇಷನ್, ನ್ಯುಮೋನಿಯಾ ಸಮಯದಲ್ಲಿ ಕೆಲವು ವಾರ ಕೊಟ್ಟು ಮತ್ತೆ ಮಾತ್ರೆಗೆ ಬರುವವರು ಬೇಕಾದಷ್ಟಿದ್ದಾರೆ. 1922ರಿಂದ ಮನುಷ್ಯರಿಗೆ ಕೊಡುತ್ತಿರುವ ಔಷಧಿ ಇದು. ಕಣ್ಣು ಮಂಜಾದವರಿಗೆ ಸಿರಿಂಜಿನ ಗೆರೆ ಓದುವುದು ಕಷ್ಟ, ಪೆನ್ ಸುಲಭ. ತೆರೆಯದ ಇನ್ಸುಲಿನ್ ಫ್ರಿಜ್ಜಿನಲ್ಲಿ 2ರಿಂದ 8 ಡಿಗ್ರಿಯಲ್ಲಿರಲಿ, ಫ್ರೀಜರಿನಲ್ಲಿ ಬೇಡ. ಫ್ರಿಜ್ ಇಲ್ಲದವರು ನೀರು ತುಂಬಿದ ಮಣ್ಣಿನ ಮಡಕೆಯೊಳಗೆ, ನೀರು ತಾಗದ ಹಾಗೆ ಡಬ್ಬಿಯಲ್ಲಿಟ್ಟು ಇಳಿಸಿಡಬಹುದು.

72ನೇ ವಯಸ್ಸಿನಲ್ಲಿ ಬಾರ್ಡರ್ ಅಂದಿದ್ದಾರೆ. ಈಗಲೇ ಮಾತ್ರೆ ಬೇಕಾ?

ಹೆಚ್ಚಿನವರಿಗೆ ಬೇಡ. ಊಟದ ಅಳತೆ, ನಡಿಗೆ, ವರ್ಷಕ್ಕೊಮ್ಮೆ ಪರೀಕ್ಷೆ ಸಾಕಾಗುತ್ತದೆ. 2023ರಲ್ಲಿ ಪ್ರಕಟವಾದ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ (ಐಸಿಎಂಆರ್) ಅಧ್ಯಯನದ ಪ್ರಕಾರ ದೇಶದ ವಯಸ್ಕರಲ್ಲಿ ಶೇ 11.4 ಮಂದಿಗೆ ಮಧುಮೇಹ, ಶೇ 15.3 ಮಂದಿ ಬಾರ್ಡರಿನಲ್ಲಿದ್ದಾರೆ. ನೀವು ಒಬ್ಬರೇ ಅಲ್ಲ, ಚಿಂತೆ ಮಾಡುತ್ತಾ ಕೂರಬೇಡಿ.

ಮಗನ ಮನೆ ಲಂಡನ್ನಿನಲ್ಲಿದೆ. ಅಲ್ಲಿನ ಮೀಟರಿನಲ್ಲಿ 7.8 ಬಂತು. ಇದೇನು?

ಅಲ್ಲಿ ಮಿಲಿಗ್ರಾಂ ಬದಲು ಮಿಲಿಮೋಲ್ ಲೆಕ್ಕ. ಅದನ್ನು 18ರಿಂದ ಗುಣಿಸಿ. 7.8 ಅಂದರೆ ನಮ್ಮ 140. ಎಚ್‌ಬಿಎ1ಸಿ ಅಂತ ಗೊಂದಲ ಮಾಡಿಕೊಳ್ಳಬೇಡಿ. ಹೊರಡುವಾಗ ಇನ್ಸುಲಿನ್, ಮಾತ್ರೆ ಎಲ್ಲ ಕೈಚೀಲದಲ್ಲಿರಲಿ, ಜೊತೆಗೆ ಡಾಕ್ಟರ ಚೀಟಿಯೂ ಇರಲಿ.

ಡಾಕ್ಟರ ಹತ್ತಿರ ಹೋಗುವಾಗ ಏನೇನು ಕೇಳಬೇಕು?

ತಿನ್ನುವ ಎಲ್ಲ ಮಾತ್ರೆಗಳ ಸ್ಟ್ರಿಪ್‌ಗಳನ್ನು ಒಂದು ಚೀಲದಲ್ಲಿ ಹಾಕಿಕೊಂಡು ಹೋಗಿ, ಪುಡಿ, ಕಷಾಯದ ಬಾಟಲಿಯೂ ಸೇರಿ. ಮೂರು ಪ್ರಶ್ನೆ ಕೇಳಿ: ನನಗೆ ಎಷ್ಟಿದ್ದರೆ ಸಾಕು? ಇವುಗಳಲ್ಲಿ ಯಾವುದರಿಂದ ಲೋ ಆಗುತ್ತದೆ? ಊಟ ತಪ್ಪಿದ ದಿನ ಯಾವುದನ್ನು ಬಿಡಬೇಕು? ವರ್ಷಕ್ಕೊಮ್ಮೆ ಕಣ್ಣಿನ ಹಿಂಪೊರೆ ನೋಡಿಸಿ, ಕಿಡ್ನಿ ಹೇಗಿದೆ ಎಂದು ತಿಳಿಯಲು ಮೂತ್ರದಲ್ಲಿ ಅಲ್ಬುಮಿನ್, ರಕ್ತದಲ್ಲಿ ಕ್ರಿಯಾಟಿನಿನ್ ನೋಡಿಸಿ. ಚಪ್ಪಲಿ ಬಿಚ್ಚಿ ಪಾದ ತೋರಿಸಿ. ಸ್ಪರ್ಶ ಕಳೆದುಕೊಂಡ ಪಾದಕ್ಕೆ ಬಿಸಿನೀರಿನ ಸುಟ್ಟಗಾಯವೂ, ದೇವಸ್ಥಾನದ ಅಂಗಳದ ಕಾದ ಕಲ್ಲೂ ಗೊತ್ತಾಗುವುದಿಲ್ಲ.

ಖರ್ಚು ಜಾಸ್ತಿ ಅನ್ನುವವರು ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಹೋಗಿ, 30 ದಾಟಿದವರಿಗೆ ಶುಗರ್, ಬಿಪಿ ತಪಾಸಣೆ ಅಲ್ಲಿ ಉಚಿತ. ಜನೌಷಧಿ ಕೇಂದ್ರದಲ್ಲಿ ಇದೇ ಮಾತ್ರೆಗಳು ತುಂಬಾ ಕಡಿಮೆ ಬೆಲೆಗೆ ಸಿಗುತ್ತವೆ. ಬ್ರ್ಯಾಂಡ್ ಹೆಸರಿನ ಬದಲು ಔಷಧಿಯ ಹೆಸರನ್ನೇ ಬರೆದುಕೊಡಿ ಎಂದು ಡಾಕ್ಟರಿಗೆ ಹೇಳಿ.